ಕುಂಕುಮವಿಟ್ಟ ಪಠ್ಯಪುಸ್ತಕ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಧುಗಿರಿಯ ದಾದಿಯರ ತರಬೇತಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ತರ್ಕಶಾಸ್ತ್ರದ ಮೊದಲ ಪಾಠಗಳು ನನಗೆ ಬಾಲ್ಯದಲ್ಲೇ ತಂದೆಯವರಿಂದ ಆಗಿದ್ದವು. ಆಪ್ತವಾಕ್ಯವೆಂದರೆ ದೊಡ್ಡವರಾಡಿದ ಮಾತೆಲ್ಲವೂ ಅಲ್ಲ, ಕಂಡು, ಅರಿತು, ಇದ್ದುದನ್ನು ಇದ್ದಂತೆ ಹೇಳುವವರ ಮಾತು ಎಂದು ಅವರು ತಿದ್ದಿದ್ದರು. ಅದನ್ನೇ ನಾನು ಹುಡುಗಿಯರಿಗೆ ದಾಟಿಸುತ್ತಿದ್ದೆ: ಉಪಚಾರದ ಯಾವ ಮಾತನ್ನೂ ಒಪ್ಪುವ ಮುನ್ನ, ಹೇಳಿದವರು ಯಾರು, ಯಾವಾಗ, ಏನನ್ನು ಕಂಡು ಹೇಳಿದರು ಎಂದು ಕೇಳಿ.

ನಮ್ಮಲ್ಲಿದ್ದುದು ಒಂದೇ ದಪ್ಪ ಪಠ್ಯಪುಸ್ತಕ, ಬಹಳ ಹಳೆಯದು. ಸರಸ್ವತೀ ಪೂಜೆಯ ದಿನ ಅದನ್ನು ಮಣೆಯ ಮೇಲಿರಿಸಿ ನಾನೇ ಕುಂಕುಮವಿಡುತ್ತಿದ್ದೆ. ಪೂಜೆಗೊಂಡ ಪುಸ್ತಕದಲ್ಲಿ ತಪ್ಪಿರಬಹುದೆಂದು ಊಹಿಸುವುದೇ ಹುಡುಗಿಯರಿಗೆ ಪಾಪವೆನಿಸುತ್ತಿತ್ತು. ಭೇದಿಯಾದ ಮಗುವಿಗೆ ಒಂದು ದಿನ ಬಾಯಿಗೆ ಏನನ್ನೂ ಕೊಡಬಾರದೆಂದು ಅದರಲ್ಲಿತ್ತು. ಆಗಷ್ಟೇ ಆಸ್ಪತ್ರೆಗೆ ಬಂದಿದ್ದ ಹೊಸ ಕೈಪಿಡಿಯಾದರೋ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಕುಡಿಸುತ್ತಲೇ ಇರಬೇಕೆನ್ನುತ್ತಿತ್ತು. ಹಾಗೆ ಕುಡಿಸಿ, ಬಾಡಿದ ಮಕ್ಕಳು ಚೇತರಿಸಿಕೊಂಡದ್ದನ್ನು ವಾರ್ಡಿನಲ್ಲಿ ನಾವೆಲ್ಲ ಕಂಡಿದ್ದೆವು.

ಕೊನೆಯ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಹಿರಿಯ ವೈದ್ಯರೊಬ್ಬರು ಬಂದರು. ಗೌಡಗೆರೆ ಕಡೆಯ, ಕುರಿ ಸಾಕುವ ಮನೆತನದ ಹುಡುಗಿಗೆ ಭೇದಿಯ ಪ್ರಶ್ನೆಯೇ ಬಿತ್ತು. ತೇರ್ಗಡೆಯಾದರೆ ಅವಳಿಗೆ ಕೆಲಸ. ಇಲ್ಲವಾದರೆ ಮನೆಯವರು ಗೊತ್ತುಮಾಡಿದ್ದ ಗಂಡು.

"ನೀರು ಕುಡುಸ್ತಾನೇ ಇರ್ಬೇಕು ಸಾರ್."

"ಯಾರಮ್ಮ ಹೇಳಿದ್ದು? ಪುಸ್ತಕ ಓದಿಲ್ವಾ?"

"ಓದಿವ್ನಿ ಸಾರ್. ಅದು ಹಳೇದು. ನೀವು ಯಾವುದ್ನ ನೋಡಿ ಹೇಳ್ತಿದೀರ?"

"ಓಹೋ, ಈಗ ನನಗೇ ಪರೀಕ್ಷೆಯೋ!"

ನಾನು ಪಕ್ಕದಲ್ಲೇ ಇದ್ದೆ, ಆದರೆ ಪಾಠ ಹೇಳಿದವರು ಪರೀಕ್ಷೆಯ ನಡುವೆ ತುಟಿ ಬಿಚ್ಚುವಂತಿರಲಿಲ್ಲ. ಅವಳು ನನ್ನತ್ತ ತಿರುಗಿ ನೋಡಿದಳು. ನಾನು ಇಷ್ಟದೇವತೆಯ ನಾಮವನ್ನು ಮನಸ್ಸಿನಲ್ಲೇ ಹಿಡಿದು ಕುಳಿತೆ. ಪರೀಕ್ಷೆ ಮುಗಿದ ಮೇಲೆ ಕೈಪಿಡಿಯನ್ನು ವೈದ್ಯರ ಮುಂದಿಟ್ಟಾಗ, "ಇಂಥವು ದಿನಕ್ಕೊಂದು ಬರ್ತಾವೆ ಕಣಮ್ಮ" ಎಂದು ನಕ್ಕು ಎದ್ದರು. ಅವಳು ಅನುತ್ತೀರ್ಣಳಾದಳು.

ಮರುಪರೀಕ್ಷೆಗೂ ಅವರೇ ಬರುವವರಿದ್ದರು. ಅದಕ್ಕೆ ಸಿದ್ಧಳಾಗಲು ಅವಳು ಮತ್ತೆ ತರಗತಿಗೆ ಬಂದಳು. ನಾನು ಅದೇ ಪ್ರಶ್ನೆಯನ್ನು ಕೇಳಿದೆ.

"ಬುಡೇ, ಈ ಸಲ ಮದ್ವೆ ಊಟ ಗ್ಯಾರಂಟಿ ಕಣೇ" ಎಂದು ಹಿಂದಿನ ಬೆಂಚಿನವಳು ಛೇಡಿಸಿದಳು. ಇವಳು ನಗಲಿಲ್ಲ, ಎದ್ದು ನಿಂತಳು.

"ಮಗೀಗೆ ಬೇಕಾದ್ದ ಹೇಳ್ಲಾ ಮೇಡಂ, ಅವ್ರಿಗೆ ಬೇಕಾದ್ದ ಹೇಳ್ಲಾ?"

ಪರೀಕ್ಷೆಗೊಂದು, ವಾರ್ಡಿಗೊಂದು, ಎರಡನ್ನೂ ಕಲಿತುಕೋ ಎಂದರೆ ಅಷ್ಟು ದಿನದ ಪಾಠವನ್ನೇ ನುಂಗಿದಂತೆ; ನಿಜವನ್ನಷ್ಟೇ ಹೇಳು ಎಂದರೆ ಅವಳ ಬದುಕನ್ನು ನಾನು ಪಣಕ್ಕಿಟ್ಟಂತೆ. ನಾನಿನ್ನೂ ಯೋಚಿಸುತ್ತಿರುವಾಗಲೇ ಅವಳು, "ಭೇದಿ ಆದ ಮಗೀಗೆ ಒಂದಿನ ಏನೂ ಕುಡುಸ್ಬಾರ್ದು" ಎಂದು ಗಿಣಿಯಂತೆ ಒಪ್ಪಿಸಿ ಕುಳಿತುಬಿಟ್ಟಳು.

ಸರಿಯೆಂದೂ ತಪ್ಪೆಂದೂ ತಿದ್ದದೆ ನಾನು ಮುಂದಿನವಳನ್ನು ಎಬ್ಬಿಸಿದೆ.