ಗೋಕಾಕ ಫಾಲ್ಸಿನಲ್ಲಿ ಬಿಟ್ಟ ಬುತ್ತಿ

ದೆವ್ವ, ಭೂತ, ಮೈಮೇಲೆ ಬರುವ ದೇವರು, ಇವುಗಳಲ್ಲಿ ಯಾವುದನ್ನೂ ನಾನು ನಂಬಿದವಳಲ್ಲ. ಮುಂಡರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಮೇಲಾಗಿ ಹುಟ್ಟಾ ಸಂಶಯದ ಪ್ರಾಣಿ. ಬಸ್ಸಿನಲ್ಲಿ ಪಕ್ಕದವರು ಪ್ರೀತಿಯಿಂದ ಪೆಪ್ಪರಮಿಂಟು ಕೊಟ್ಟರೂ ಬಾಯಿಗೆ ಹಾಕುವುದಿಲ್ಲ. ಅಂಥವಳು ಇದನ್ನು ಬರೆಯುತ್ತಿದ್ದೇನೆಂದರೆ ನೀವು ನಗಬಹುದು. ನಗಿ, ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ನನ್ನ ಅವ್ವ ಶಿಗ್ಲಿಯಲ್ಲಿರುತ್ತಾಳೆ. ಅವಳಿಗೆ ಕಸ್ತೂರಿ ಎಂಬ ತಂಗಿಯಿದ್ದಳು, ನನಗೆ ಚಿಗವ್ವ. ನಾನಿನ್ನೂ ಕೈಗೂಸಾಗಿದ್ದಾಗ ಅವಳು ಗಂಡನ ಮನೆಯವರ ಜೊತೆ ಗೋಕಾಕ ಫಾಲ್ಸು ನೋಡಲು ಹೋದವಳು ತಿರುಗಿ ಬರಲಿಲ್ಲ. ನೀರಿನ ಅಂಚಿನಲ್ಲಿ ಚಪ್ಪಲಿ ಸಿಕ್ಕವು, ಹೆಣ ಸಿಗಲಿಲ್ಲ. ಊರೆಲ್ಲ ಸತ್ತಳು ಎಂದರೂ ಅವ್ವ ಒಪ್ಪಲಿಲ್ಲ. ಪ್ರತಿ ಪಂಚಮಿಗೆ ತಂಗಿ ತವರಿಗೆ ಬರುತ್ತಾಳೆಂದು ಒಂದು ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ತಂದಿಡುವಳು. ಟ್ರಂಕು ತುಂಬಿತು, ಚಿಗವ್ವ ಬರಲಿಲ್ಲ. ಬಾಗಿಲ ಸಪ್ಪಳಕ್ಕೆಲ್ಲ ತಲೆ ಎತ್ತುವ ಅವ್ವನನ್ನು ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು.

ಕೆಲವು ಮಳೆಗಾಲಗಳ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಬೆರಳ ತುದಿಯವರೆಗೆ ಪ್ಲಾಸ್ಟರ್. ಹಾಸಿಗೆಯಲ್ಲಿ ಮಲಗಿ ಏನು ಯೋಚಿಸಿದಳೋ, ಒಂದು ದಿನ ತಾನೇ ಅಂದಳು: "ಸಾಕಾತವಾ. ಈ ವರ್ಷದ ಖಣ ಆ ನೀರಿಗೇ ಬಿಟ್ಟು ಬರೂಣು. ಇನ್ನ ಹಾದಿ ನೋಡಂಗಿಲ್ಲ."

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು, ರೊಟ್ಟಿ, ಶೇಂಗಾ ಚಟ್ನಿ, ಎರಡು ಹೊದಿಕೆ ಇಷ್ಟೇ ನಮ್ಮ ಪ್ರವಾಸದ ಬಂಡವಾಳ. ಅಣ್ಣನ ಮಗನ ಕಾಲೇಜು ಬ್ಯಾಗನ್ನು ಬೆನ್ನಿಗೇರಿಸಿದ ನನ್ನನ್ನು ನೋಡಿ ಅವ್ವ, "ಎತ್ತಿನ ಬೆನ್ನ ಮ್ಯಾಲೆ ಗ್ವಾಣಿ ಚೀಲ ಹೇರಿದಂಗ ಕಾಣ್ತದ" ಎಂದು ನಕ್ಕಳು. ಲಕ್ಷ್ಮೇಶ್ವರ, ಹುಬ್ಬಳ್ಳಿ, ಧಾರವಾಡ, ಸವದತ್ತಿ ಎಂದು ಬಸ್ಸು ಬದಲಿಸುತ್ತ ಹೋದೆವು. ರಾತ್ರಿ ಒಂದು ಗುಡಿಯ ಕಟ್ಟೆಯ ಮೇಲೆ ಮಲಗಿ ಬೆಳಿಗ್ಗೆ ಫಾಲ್ಸಿಗೆ ಬಂದೆವು.

ಹೊಳೆ ತುಂಬಿ ಕೆಂಪಗೆ ಧುಮುಕುತ್ತಿತ್ತು. ನೋಡುವವರ ಗದ್ದಲ, ಸೆಲ್ಫಿ, ಗೋವಿನಜೋಳದ ತೆನೆ ಸುಡುವ ವಾಸನೆ. ಒಂದು ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಂಡೆವು. ಅವ್ವ ಒಂದು ರೊಟ್ಟಿ ಮುಟ್ಟದೆ ತಂಗಿಯ ಪಾಲೆಂದು ತೆಗೆದಿಟ್ಟಳು. ಅದನ್ನೂ ಹಸಿರು ಖಣವನ್ನೂ ಬುತ್ತಿ ಅರಿವೆಯಲ್ಲಿಟ್ಟು ನಾನೇ ಗಂಟು ಹಾಕಿದೆ, ಅರಿವೆಯ ಮೂಲೆಯ ಚುಂಗುಗಳನ್ನು ಎದುರುಬದರು ಸೇರಿಸಿ ಎಲ್ಲರೂ ಹಾಕುವಂಥ ಗಂಟು. ಬಿಡುವ ಹೊತ್ತಿಗೆ ಅವ್ವನಿಗೆ ಧೈರ್ಯ ಸಾಲಲಿಲ್ಲ. "ಮೊದಲ ನೀರು ನೋಡೂಣು, ಆಮ್ಯಾಲೆ ಬಿಡೂಣು" ಅಂದಳು. ತೆನೆ ಮಾರುವ ಹೆಣ್ಣುಮಗಳಿಗೆ ಗಂಟಿನ ಮೇಲೆ ನಿಗಾ ಇಡಲು ಹೇಳಿ, ಬ್ಯಾಗು ಮಾತ್ರ ಬೆನ್ನಿಗಿಟ್ಟುಕೊಂಡು ಕಟಾಂಜನದ ಹತ್ತಿರ ಹೋದೆವು. ಅವ್ವ ಎಡಗೈಯಿಂದ ನನ್ನ ಭುಜ ಹಿಡಿದು ನಿಂತಿದ್ದಳು. ಒಂದು ಕ್ಷಣವೂ ಬಿಡಲಿಲ್ಲ, ಅವಳ ಉಗುರು ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ.

ತಿರುಗಿ ಬಂದಾಗ ಗಂಟು ಅಲ್ಲೇ ಇತ್ತು. ಆದರೆ ಅದು ನಾನು ಹಾಕಿದ ಗಂಟಾಗಿರಲಿಲ್ಲ. ಮೂರು ಚುಂಗು ಕೂಡಿಸಿ ಕಟ್ಟಿ, ನಾಲ್ಕನೆಯದನ್ನು ಸುತ್ತಿ ಕೆಳಗಿನಿಂದ ಒಳಗೆ ಸಿಕ್ಕಿಸಲಾಗಿತ್ತು. ಅವ್ವ ಅದರ ಮೇಲೆ ಎಡಗೈ ಆಡಿಸಿ ಗುರುತು ಹಿಡಿದಳು. ಹೊಲಕ್ಕೆ ಬುತ್ತಿ ಒಯ್ಯುವಾಗ ನಾಯಿ ಬಿಚ್ಚಬಾರದೆಂದು ನನ್ನ ಅಜ್ಜಿ ಹಾಗೆ ಕಟ್ಟುತ್ತಿದ್ದಳು. ಕಲಿತವರು ಅವಳ ಇಬ್ಬರು ಹೆಣ್ಣುಮಕ್ಕಳು ಮಾತ್ರ. ನನಗೆ ಇವತ್ತಿಗೂ ಬರುವುದಿಲ್ಲ. ಬಿಚ್ಚಲು ಹೋಗಿ ಉಗುರು ಮುರಿಯಿತೇ ಹೊರತು ಗಂಟು ಸಡಿಲಲಿಲ್ಲ. ಅವ್ವ ಎಡಗೈಯಿಂದ ಒಂದು ಚುಂಗು ಎಳೆದಳು, ಬಿಚ್ಚಿಕೊಂಡಿತು.

ಒಳಗೆ ರೊಟ್ಟಿ ಇರಲಿಲ್ಲ, ಖಣವೂ ಇರಲಿಲ್ಲ. ಒಂದು ಹಿಡಿ ಬಿಳಿಜೋಳ ಇತ್ತು. ನಮ್ಮ ಕಡೆ ಯಾರದೇ ಬುತ್ತಿ ಅರಿವೆಯನ್ನೂ ಖಾಲಿ ಮರಳಿಸುವುದಿಲ್ಲ, ಒಂದು ಹಿಡಿ ಕಾಳಾದರೂ ಹಾಕಿ ಕೊಡುವುದು ರೂಢಿ. ತುಂತುರಿಗೆ ಅರಿವೆ ತೊಯ್ದಿತ್ತು, ಕಾಳು ಮಾತ್ರ ಒಣಗಿತ್ತು.

ನನ್ನ ಸಂಶಯ ನೆಟ್ಟಗೆ ತೆನೆ ಮಾರುವವಳ ಮೇಲೆ ಹೋಯಿತು. ಹೊಸ ಖಣ ನೋಡಿ ಆಸೆಬಿದ್ದಿರಬೇಕು ಎಂದುಕೊಂಡು ಜೋರಾಗಿಯೇ ಕೇಳಿದೆ. ಅವಳಿಗೆ ಸಿಟ್ಟು ಬಂತು.

"ನನ್ನ ಯಾಕ ಕೇಳ್ತೀರಿ? ನಿಮ್ಮ ಅವ್ವನ ಬಂದು ಬಿಚ್ಚಿ, ತಿರುಗಿ ಕಟ್ಟಿಟ್ಟು ಹೋದರಲ್ರಿ."

"ಇವರೇನು?" ಎಂದು ಅವ್ವನನ್ನು ತೋರಿಸಿದೆ.

"ಹೂಂ ಮತ್ತ, ಇದ ಮುಖ. ಎರಡೂ ಕೈಲೆ ಜಲ್ದಿ ಜಲ್ದಿ..." ಎನ್ನುತ್ತಿದ್ದವಳು ಅವ್ವನ ಪ್ಲಾಸ್ಟರ್ ಕಂಡು ನಿಲ್ಲಿಸಿದಳು. ಆಮೇಲೆ ಎಷ್ಟು ಕೇಳಿದರೂ ಒಲೆಗೆ ಗಾಳಿ ಹಾಕುತ್ತ ಕುಳಿತಳು.

ಗುಡಿಯಲ್ಲಿ, ತೂಗುಸೇತುವೆಯ ಹತ್ತಿರ, ಚಹದಂಗಡಿಗಳಲ್ಲಿ ಎಲ್ಲ ಕಡೆ ಚಿಗವ್ವನನ್ನು ಹುಡುಕಿದೆವು. ಸಂಜೆಯ ಬಸ್ಸು ಹೊರಡುವವರೆಗೂ ಅವ್ವ ನಿಲ್ದಾಣದಲ್ಲಿ ನಿಂತು, ಹತ್ತುವ ಪ್ರತಿಯೊಬ್ಬ ಮುದುಕಿಯ ಸೆರಗಿನೊಳಗೆ ಇಣುಕಿ ಮುಖ ನೋಡಿದಳು. ಕೆಲವರು ಬೈದರು. ನನಗೆ ಅಳು ಬಂತು. ಹಾದಿ ನೋಡುವುದನ್ನು ನಿಲ್ಲಿಸಲೆಂದು ಕರೆತಂದವಳು ನಾನು!

ಅಂದಿನಿಂದ ಮನಸ್ಸಿನಲ್ಲಿ ಎಲ್ಲರನ್ನೂ ಕಟಕಟೆಗೆ ನಿಲ್ಲಿಸಿದ್ದೇನೆ. ತೆನೆಯವಳು ಕದ್ದು ಕಥೆ ಕಟ್ಟಿದಳು ಅನ್ನೋಣವೆಂದರೆ ಆ ಗಂಟು ಅವಳಿಗೆ ಹೇಗೆ ಬಂತು? ಅವ್ವನೇ ಕಟ್ಟಿದಳೆಂದರೆ ಮುರಿದ ಕೈಯಲ್ಲಿ ಹೇಗೆ ಕಟ್ಟಿದಳು? ತಮಾಷೆಯೆಂದರೆ ಅವ್ವನ ಸಂಶಯ ನನ್ನ ಮೇಲಿತ್ತು. ಊರಿಗೆ ಬಂದು ಎಷ್ಟೋ ದಿನದ ಮೇಲೆ, "ನನ್ನ ಸಮಾಧಾನಕ್ಕ ನೀನ ಕಟ್ಟಿದೇನ? ಖರೆ ಹೇಳು, ಸಿಟ್ಟು ಮಾಡಂಗಿಲ್ಲ" ಎಂದು ಕೇಳಿದಳು. ಅವಳ ತಲೆ ಮುಟ್ಟಿ ಇಲ್ಲವೆಂದೆ.

ಮುಂದಿನ ಪಂಚಮಿಗೆ ಅವಳು ಮತ್ತೆ ಖಣ ತಂದಳು. ನನ್ನ ತಾಳ್ಮೆ ಕೆಟ್ಟಿತು. "ಅವ್ವಾ, ಚಿಗವ್ವ ನೀರಿಗೆ ಹೋಗಿ ನನ್ನ ವಯಸ್ಸಿನಷ್ಟು ಕಾಲ ಆತು. ಇನ್ನ ಸಾಕು ಮಾಡು" ಅಂದೆ.

ಅವ್ವ ದೇವರ ಜಗಲಿಯಿಂದ ಡಬ್ಬಿ ತಂದು ಆ ಜೋಳವನ್ನು ನನ್ನ ಅಂಗೈಗೆ ಸುರಿದಳು.

"ನೀ ಗಣಿತದ ಟೀಚರ ಅದಿ, ಹೇಳು. ನೀರಿಗೆ ಹೋದಾಕಿ ಒಣಾ ಜೋಳ ಎಲ್ಲಿಂದ ತರ್ತಾಳ?"

ಅದಕ್ಕಿಂತ ಕಷ್ಟದ ಪ್ರಶ್ನೆಯೊಂದು ನಾಲಿಗೆಯ ತುದಿಗೆ ಬಂದಿತ್ತು. ಬದುಕಿದ್ದರೆ, ಅಕ್ಕ ಅಷ್ಟು ಹತ್ತಿರ ನಿಂತಿದ್ದಾಗ ಯಾಕೆ ಮಾತಾಡಿಸದೆ ಹೋದಳು? ಅವ್ವನ ಮುಖ ನೋಡಿದೆ. ಆ ಪ್ರಶ್ನೆ ಅವಳಿಗೂ ಗೊತ್ತಿತ್ತು. ನಾವಿಬ್ಬರೂ ಅದನ್ನು ಕೇಳಲಿಲ್ಲ. ಕಾಳನ್ನು ಒಂದೂ ಚೆಲ್ಲದಂತೆ ಡಬ್ಬಿಗೆ ಹಾಕಿ ಮುಚ್ಚಿದೆ.