ನಮ್ಮ ಅಂಕಣದ ಸುಣ್ಣ

ಬೆಟಗೇರಿಯ ನಮ್ಮ ಚರ್ಚಿನ ಒಳಗೋಡೆಗಳನ್ನು ಹನ್ನೆರಡು ಮನೆತನಗಳು ಹಂಚಿಕೊಂಡಿದ್ದವು. ಎರಡು ಕಂಬಗಳ ನಡುವಿನ ಒಂದು ಅಂಕಣ ಒಂದು ಮನೆಗೆ. ಕ್ರಿಸ್‌ಮಸ್ಸಿಗೆ ಮೊದಲು ಆಯಾ ಮನೆಯವರೇ ತಮ್ಮ ಅಂಕಣಕ್ಕೆ ಸುಣ್ಣ ಬಳಿಯಬೇಕು, ಕೂಲಿಯವರನ್ನು ಕರೆಯುವಂತಿರಲಿಲ್ಲ. ನೇಕಾರರಾದ ನಾವು ನೂಲಿಗೆ ಗಂಜಿ ಹಚ್ಚುವ ಕುಂಚವನ್ನೇ ಒಯ್ಯುತ್ತಿದ್ದೆವು. ಕಿಟಕಿಯ ಕಮಾನು ಬಂದಾಗ ಅವ್ವನ ಕೈ ನಿಧಾನವಾಗುತ್ತಿತ್ತು.

ಗಾರೆಯಿಂದ ಕಟ್ಟಿದ ಕಲ್ಲುಗೋಡೆ ನೆಲದ ತೇವವನ್ನು ಹೀರಿ ಸುಣ್ಣದ ಮೂಲಕ ಹೊರಬಿಡುತ್ತದೆ ಎಂಬುದನ್ನು ನಾನು ಕಲಿತದ್ದು ಧಾರವಾಡದಲ್ಲಿ, ಎಂ.ಎ. ಓದುವಾಗ. ಕಳೆದ ನವೆಂಬರಿನಲ್ಲಿ ಊರಿಗೆ ಬಂದಾಗ ನಮ್ಮ ಅಂಕಣಕ್ಕೆ ಸಿಮೆಂಟು ಮೆತ್ತಿ, ಗುಲಾಬಿ ಎಣ್ಣೆಬಣ್ಣ ಬಳಿದಿದ್ದರು. ಮೊಣಕಾಲೆತ್ತರದಲ್ಲಿ ಬಣ್ಣ ಆಗಲೇ ಬೊಬ್ಬೆಯೆದ್ದಿತ್ತು. ಇನ್ನೂ ಐದು ಅಂಕಣಗಳದು ಅದೇ ಗತಿ. ಉಳಿದ ಆರಕ್ಕೆ ಸೋಮವಾರದಿಂದ ಕೆಲಸ.

ಡಂಬಳದ ದೇಗುಲಕ್ಕೆ ಸರ್ಕಾರದ ಫಲಕವಿದೆ, ಕಾವಲಿದೆ. ನಮ್ಮಂಥ ಚರ್ಚುಗಳನ್ನು ಯಾವ ಇಲಾಖೆಯೂ ಪರಂಪರೆಯೆಂದು ಎಣಿಸಿಲ್ಲ. ಕಾಯುವವರೂ ಕೆಡಿಸುವವರೂ ನಾವೇ. ಆದ್ದರಿಂದ ಭಾನುವಾರ ಫಾದರ್ ಬಲಿಪೂಜೆಯ ಕೊನೆಯ ಪ್ರಾರ್ಥನೆ ಮುಗಿಸಿದೊಡನೆ ಎದ್ದು ನಿಂತೆ.

"ಯಾರನ್ನ ಕೇಳಿ ಇದನ್ನ ಮಾಡಿದ್ರಿ? ಗ್ವಾಡಿ ಉಸರಾಡಬೇಕ್ರಿ. ಬಣ್ಣ ಬಳದು ಅದರ ಬಾಯಿ ಮುಚ್ಚೀರಿ."

"ಬಾಯಿ ಎಲ್ಲೈತಿ ತೋರಸವಾ, ಒಂದೀಟ ಚಾ ಕುಡಸೂಣು," ಎಂದರು ಚರ್ಚಿನ ಸಮಿತಿಯ ಹಿರಿಯರೊಬ್ಬರು. ಜನ ನಕ್ಕರು.

ಸಿಮೆಂಟು ಮೆತ್ತುವ ನಿರ್ಧಾರ ಬರೆದ ಠರಾವಿನ ಪುಸ್ತಕ ತೋರಿಸಬೇಕೆಂದು ಹಟ ಹಿಡಿದೆ. ಫಾದರ್ ಅದನ್ನು ನನ್ನ ಕಡೆ ತಿರುಗಿಸಿದರು. ಹನ್ನೆರಡು ಮನೆಗಳ ಸಹಿ ಇತ್ತು. ನಮ್ಮ ಮನೆಯದು ಅವ್ವನದು.

ಹೆಂಗಸರ ಸಾಲಿನಿಂದ ಅವಳೇ ಮಾತಾಡಿದಳು: "ಹೌದು, ನಾನ ಮಾಡೇನಿ. ಎರಡು ವರ್ಷ ಏಣಿ ಹತ್ತಿ ಒಬ್ಬಾಕಿನ ಬಳದೆ. ಫೋನ್ ಮಾಡಿದ್ರ, ಪರೀಕ್ಷಾ ಐತಿ ಅಂದಿ. ಈಗ ಗ್ವಾಡಿ ಪಾಠ ಹೇಳಾಕ ಬಂದಿಯೇನ?"

ಈ ಸಲ ಯಾರೂ ನಗಲಿಲ್ಲ. ನಾನು ಕುಳಿತುಕೊಳ್ಳಲಿಲ್ಲ. ಸುಣ್ಣದ ಕೆಲಸ ಬಲ್ಲ ಒಬ್ಬ ಗೌಂಡಿಯನ್ನೂ ಕೇಳದೆ ಠರಾವು ಮಾಡಿದ್ದು ಸಮಿತಿಯ ತಪ್ಪು. ಸರದಿ ತಪ್ಪಿಸಿದ್ದು ನನ್ನ ತಪ್ಪು. ಎರಡನ್ನೂ ಬರೆಯಿರಿ ಎಂದೆ. ಫಾದರ್ ಬರೆದರು. ಆಮೇಲೆ, ಉಳಿದ ಆರು ಅಂಕಣಗಳಿಗೆ ಏಣಿ ಹತ್ತುವವರು ಯಾರೆಂದು ಕೇಳಿದರು. ನಾಲ್ಕು ಮನೆಯವರು ಕೈ ಎತ್ತಿದರು. ಎರಡು ಮನೆಗಳಲ್ಲಿ ಹತ್ತುವ ಶಕ್ತಿಯಿದ್ದವರು ಯಾರೂ ಇರಲಿಲ್ಲ. ಅವೆರಡನ್ನು ನಾನು ಒಪ್ಪಿಕೊಂಡೆ. ಸೋಮವಾರದ ಕೆಲಸ ನಿಂತಿತು.

ನಮ್ಮ ಅಂಕಣದ ಸಿಮೆಂಟು ಬಿಡಿಸಬಹುದೇ ಎಂದು ಕೇಳಲು ಮುಂಡರಗಿಯ ಮುದಿ ಗೌಂಡಿಯೊಬ್ಬರನ್ನು ಕರೆತಂದೆ. ಅವರು ಬೆರಳ ಗೆಣ್ಣಿನಿಂದ ಗೋಡೆಯನ್ನು ಉದ್ದಕ್ಕೂ ಬಡಿದು ನೋಡಿದರು. "ಸಿಮೆಂಟ್ ಕೆತ್ತಿದ್ರ ಕಲ್ಲೂ ಕೂಡೇ ಬರತೈತಿ. ಮುಟ್ಟಬ್ಯಾಡ್ರಿ," ಎಂದರು.

ಆ ಡಿಸೆಂಬರಿನಲ್ಲಿ ನಾನು ಬೇರೆಯವರ ಅಂಕಣಗಳಿಗೆ ಸುಣ್ಣ ಬಳಿದೆ. ನಮ್ಮ ಅಂಕಣದ ಬುಡದಲ್ಲಿ, ತೇವಕ್ಕೆ ಸಿಮೆಂಟು ಬಿರಿದಲ್ಲಿ, ವಾರವಾರವೂ ಕಲ್ಲಿನ ಪುಡಿ ಉದುರಿರುತ್ತದೆ. ಬಲಿಪೂಜೆಗೆ ಜನ ಸೇರುವ ಮೊದಲೇ ಅವ್ವ ಹೋಗಿ ಅದನ್ನು ಗುಡಿಸಿ ಬರುತ್ತಾಳೆ.