ಬೇವಿನ ಕಂಬದ ಬುಡ ಯಾವ ಕಡಿ

ನಮ್ಮ ಮನ್ಯಾಗ ಮನಷ್ಯಾರಿಗೆ ಕೂಡಾಕ ಜಾಗ ಇಲ್ಲ, ಕಟಗಿಗೆ ಐತಿ. ಕೊಟ್ಟೂರಾಗ ಉಳದ ಮಂದಿ ರೊಟ್ಟಿಗೆ ಪಲ್ಯ ಹಚ್ಚಿಕೊಂಡು ತಿಂದ್ರ, ನಾವು ಗರಗಸದ ಹೊಟ್ಟು ಹಚ್ಚಿಕೊಂಡು ತಿಂತೀವಿ. ನಮ್ಮಜ್ಜಿ ಜೋರಾಗಿ ಕೆಮ್ಮಿದ್ರ ಕೂಡೋ ಒಂದು ಸಣ್ಣ ಮಣಿಗೆ ಆಗೋವಷ್ಟು ಕಟಗಿ ಹೊರಗ ಬರತೈತಿ.

ಪಡಸಾಲ್ಯಾಗ ಅಪ್ಪ ಕೊಯ್ಯಾವ, ನಾನು ಕೆತ್ತಾಕಿ. ಹೆಣ್ಣುಹುಡುಗಿ ಕೈಯಾಗ ಉಳಿ ಯಾಕ ಅಂತ ಓಣಿ ಮಂದಿ ಮೊದಮೊದಲು ಮೂಗು ಮುರದ್ರು. ನನ್ನ ಗಿಳಿ ನೋಡಿದ ಮ್ಯಾಲ ಸುಮ್ಮನಾದ್ರು. ಇಟ್ಟಗಿ ಊರಾಗ ಒಬ್ಬರ ಬಾಗಲಕ್ಕ ನಾನು ಕೆತ್ತಿದ ಗಿಳಿಗೆ ಒಂದು ಖರೇ ಗಿಳಿ ಬಂದು ಜ್ವಾಳದ ಕಾಳು ತಿನಿಸಿ ಹೋತಂತ. ನೋಡಿದವರು ಯಾರೂ ಇಲ್ಲ. ಆದ್ರ ನಾನು ಹೇಳಾಕತ್ತೀನಲ್ಲ, ಸಾಲದನು?

ನಾನು ಕಾಲೇಜು ಸೇರಿದ ವರ್ಷ ನಮ್ಮೂರ ಸಾಲಿ ಅಕ್ಕೋರೊಬ್ಬರು ಮನಿ ಕಟ್ಟಿಸಾಕತ್ತಿದ್ರು. ತೆಲಿಗಿ ಕಡ್ಯಾರು. ಅವರ ಮನಿತನದಾಗ ಪಗಾರ ತಗೊಂಡವರು ಇವರೇ ಮೊದಲಿನವರು. ಅದನ್ನ ನೋಡಬೇಕಾಗಿದ್ದ ಅವರಪ್ಪ ತೀರಿಕೊಂಡಿದ್ದ. ಅಂವ ಅಲ್ಲಿ ಹಳೇ ಮನಿ ಮುಂದ ನೆಟ್ಟಿದ್ದ ಬೇವಿನ ಗಿಡ ಗಾಳಿಗೆ ಉರುಳಿತ್ತು. ಅದರ ಬೊಡ್ಡಿನ ಅಕ್ಕೋರು ಶೇಂಗಾ ಲಾರ್ಯಾಗ ಹೇರಿಕೊಂಡು, ತಾವು ಅದರ ಪಕ್ಕ ಕುಂತು, ನಮ್ಮ ಮನಿಗೆ ತಂದಿಳಿಸಿದ್ರು. ತಲಬಾಗಲದ ಎರಡೂ ಕಂಬಕ್ಕ ಇದನ್ನ ಬಿಟ್ಟು ಬ್ಯಾರೆ ಕಟಗಿ ಮುಟ್ಟಬ್ಯಾಡ್ರಿ ಅಂತ ಅಪ್ಪಗ ಹೇಳಿ ಹೋದ್ರು.

ಬೊಡ್ಡಿ ಎರಡು ತುಂಡಾತು. ಮ್ಯಾಲಿನ ತುಂಡಿನಾಗ ಒಂದು ಕಂಬ, ಕೆಳಗಿನ ತುಂಡಿನಾಗ ಇನ್ನೊಂದು. ಮೂರನೇದಕ್ಕ ಕಟಗಿ ಇರಲಿಲ್ಲ. ಹಳೇ ಬೇವಿನ ಕೆಚ್ಚು ಅಂದ್ರ ಕಲ್ಲು ನೋಡ್ರಿ. ನಾನು ಮೊದಲನೇ ಏಟು ಹಾಕಿದಾಗ ಉಳಿ ಪುಟದು ಹರಪನಹಳ್ಳಿಗೆ ಹೋಗಿ ಬಂತು. ಕೆಳಗಿನ ತುಂಡು ಕೊಯ್ಯುವಾಗ ಅಂತೂ ಒಳಗೆಲ್ಲೋ ಹುದುಗಿದ್ದ ಒಂದು ಮೊಳಿಗೆ ಗರಗಸ ತಾಗಿ ಎರಡು ಹಲ್ಲು ಹೋದ್ವು. ಅವಾಗ ಅಪ್ಪನ ಬಾಯಾಗಿಂದ ಬಂದ ಮಾತಿಗೆ ಉಳದ ಹಲ್ಲೂ ಉದುರಬೇಕಿತ್ತು. ಮೊಳಿ ಕಿತ್ತು ಡಬ್ಬಿಗೆ ಒಗದ. ಅಪ್ಪ ಕಬ್ಬಿಣದ ಚೂರೂ ಬಿಸಾಡಂವ ಅಲ್ಲ, ಆದ್ರ ಬಾಗಲ ಚೌಕಟ್ಟಿಗೆ ಜೀವ ಹೋದ್ರೂ ಮೊಳಿ ಹೊಡ್ಯಾಂವ ಅಲ್ಲ. ಕಟಗಿ ಗೂಟದ್ಲೆ ಬಿಗಿಬೇಕು. ಮೊಳಿ ಇದ್ದ ಜಾಗದಾಗ ಒಂದು ಕರೀ ಕಲಿ ಉಳೀತು.

ಅಪ್ಪಂದು ಇನ್ನೊಂದು ಹಟ ಐತಿ. ಗಿಡ ಹೆಂಗ ನಿಂತಿತ್ತೋ ಕಂಬ ಹಂಗ ನಿಲ್ಲಬೇಕು. ಬುಡ ಕೆಳಗ, ತುದಿ ಮ್ಯಾಲ. ಚೌಕ ಕೊಯ್ದ ಮ್ಯಾಲ ಎರಡೂ ಕಡಿ ಒಂದ ನಮೂನಿ ಕಾಣತಾವಲ್ಲ, ಅದಕ್ಕ ಬುಡದ ಕಡಿ ಕಾವಿ ಹಚ್ಚಿಡತಾನ. ಮ್ಯಾಲಿನ ತುಂಡಿನ ಕಂಬಕ್ಕ ನಾನು ಗಿಳಿ ಕೆತ್ತಿ ಮುಗಿಸಿದ್ದೆ. ಅಷ್ಟರಾಗ ಮಾರ್ನಮಿ ಬಂತು.

ಮಾರ್ನಮಿಗೆ ನಮ್ಮಜ್ಜಿಗೆ ಒಂದು ಆವೇಶ ಬರತೈತಿ. ಉಳಿ, ಕೊಡತಿ, ಗರಗಸ ಎಲ್ಲಾ ತೊಳದು ಪೂಜಿಗಿಟ್ಟಳು. ಕೈಯಾಗ ಕಾವಿ ಬಟ್ಟಲ ಉಳದಿತ್ತು. ಕಣ್ಣಿಗೆ ಬಿದ್ದ ಕಟಗಿಗೆಲ್ಲ ಎರಡೂ ಕಡಿ ಚಂದಾಗಿ ಬಳದಳು. ನಾನು ಓಡದಿದ್ರ ನನಗೂ ಬಳೀತಿದ್ದಳು. ಹಬ್ಬ ಮುಗಿಸಿ ಅಪ್ಪ ನೋಡಿದ್ರ ಅಕ್ಕೋರ ಎರಡನೇ ಕಂಬಕ್ಕ ಎರಡು ಬುಡ.

ಅಜ್ಜಿಗೆ ಏನೂ ಅನ್ನಾಂಗಿಲ್ಲ, ಆಕಿ ಭಕ್ತಿಲೆ ಮಾಡ್ಯಾಳ. ಅಪ್ಪ ಕಂಬದ ನಡಕ್ಕ ಹಗ್ಗ ಕಟ್ಟಿ ತೂಗಿ ನೋಡಿದ, ಬುಡ ಭಾರ ಇರತೈತಿ ಅಂತ. ಕಂಬ ಸೆಟ್ಟರ ತಕ್ಕಡಿ ಹಂಗ ಸಮ ನಿಂತಿತು. ಹೊಂಡಕ್ಕ ಒಯ್ದು ನೀರಾಗ ಬಿಟ್ವಿ. ಎರಡೂ ಕಡಿ ಸಮ ತೇಲಿ, ಬಿಸಲಾಗ ನೀರಿಗಿಳದ ಎಮ್ಮಿ ಹಂಗ ಆರಾಮ ಮಲಗಿತು. ಅದನ್ನ ಮ್ಯಾಲ ಎಳಿಯಾಕ ಅರ್ಧ ಊರು ಬಂತು. ಉಳದರ್ಧ ಊರು ದಂಡಿಮ್ಯಾಲ ನಿಂತು ಬುದ್ಧಿ ಹೇಳಿತು.

ಅವತ್ತು ಅಪ್ಪ ಊಟಕ್ಕ ಕೂಡಲಿಲ್ಲ. ಕಂಬದ ಮುಂದ ಕುಂತು ಬೀಡಿ ಸೇದಕೋತ ಇದ್ದ. ಅಂವನ ಮುಖ ನೋಡಲಾರದ ನಾನು ಒಂದು ಉಪಾಯ ತಗದೆ.

"ಅಪ್ಪಾ, ಎರಡೂ ಕಡಿ ಒಂದೊಂದು ಗಿಳಿ ಕೆತ್ತಿಬಿಡ್ತೀನಿ. ಹೆಂಗ ನಿಲ್ಲಿಸಿದ್ರೂ ನಡೀತೈತಿ."

"ಕೆಳಗಿಂದು ತಲಿಕೆಳಗ ಜೋತಾಡಬೇಕನು?"

"ಕೇಳಿದ್ರ ಬಾವಲಿ ಅಂದ್ರಾತು."

ಬ್ಯಾರೆ ದಿನ ಆಗಿದ್ರ ಹೊಟ್ಟಿ ಹಿಡಕೊಂಡು ನಗತಿದ್ದ. ಅವತ್ತು ಬೀಡಿ ಆರಿಸಿ, "ಅಕ್ಕೋರ ಅಪ್ಪನ ಗಿಡವ್ವಾ ಅದು" ಅಂದ. ನಾನು ಉಳಿ ಕೆಳಗಿಟ್ಟೆ.

ಮರುದಿನ ಸಾಲಿ ಬಿಟ್ಟ ಮ್ಯಾಲ ಅಕ್ಕೋರು ಬಂದ್ರು. ನಾನು ಮೊದಲನೇ ಕಂಬದ ಗಿಳಿ ಮುಂದ ನಿಂತು ಅದರ ಕೊಕ್ಕು, ಪುಚ್ಚ, ಪುಚ್ಚದ ಒಳಗಿನ ಗೆರಿ ಎಲ್ಲಾ ವರ್ಣನಾ ಮಾಡಕೋತ, ಎರಡನೇ ಕಂಬ ಕಾಣದಂಗ ನನ್ನ ಲಂಗ ಅಗಲ ಮಾಡಿಕೊಂಡಿದ್ದೆ. ಇನ್ನೊಂದು ಗಿಳಿ ಹಬ್ಬದ ಸೂಟಿಮ್ಯಾಲ ಐತ್ರಿ ಅಂದೆ. ನಗಸಿ ಕಳಿಸಬೇಕು ಅನ್ನೂದ ನನ್ನ ಲೆಕ್ಕ. ಅಷ್ಟರಾಗ ನಮ್ಮಜ್ಜಿ ನೀರಿನ ತಂಬಿಗಿ ಹಿಡಕೊಂಡು ಬಂದು, ಅವರು ಗುಟುಕು ನುಂಗೂದ್ರಾಗ ಎಲ್ಲಾ ಹೇಳಿಬಿಟ್ಟಳು. ಅಪ್ಪ ತಲಿ ತಗ್ಗಿಸಿ ನಿಂತ.

ಅಕ್ಕೋರು ಬಯ್ಯಲಿಲ್ಲ. ನನ್ನ ಲಂಗ ಸರಿಸಿ ಕಂಬದ ಹತ್ರ ಕುಂತ್ರು. ಕೈ ಆಡಿಸಕೋತ ಹೋಗಿ ಆ ಕರೀ ಕಲಿಮ್ಯಾಲ ನಿಲ್ಲಿಸಿದ್ರು.

"ಅಣ್ಣಾರ, ಇಲ್ಲಿ ಮೊಳಿ ಇತ್ತನ್ರಿ?"

ಅಪ್ಪ ಡಬ್ಬಿ ಬೋರಲು ಹಾಕಿ ಆ ಸೊಟ್ಟ ಮೊಳಿ ಹುಡುಕಿ ಕೊಟ್ಟ. ಅಕ್ಕೋರು ಅದನ್ನ ಅಂಗೈಯಾಗ ಇಟ್ಟುಕೊಂಡು ಸೆರಗಿಲೆ ತುಕ್ಕು ಒರಸಿದ್ರು. ಆಮ್ಯಾಲ ಹೇಳಿದ್ರು. ತಾವು ಒಂದನೇತ್ತ ಇದ್ದಾಗ ಸಾಲಿಯಿಂದ ಬಂದು ಪಾಟಿಚೀಲ ನೆಲಕ್ಕ ಒಗೀತಿದ್ರಂತ, ಆಡು ಬಂದು ಪುಸ್ತಕ ಮೇಯ್ತಿತ್ತಂತ. ಅದಕ್ಕ ಅವರಪ್ಪ ಮಗಳ ಕೈಗೆ ಎಟಕೂವಂಗ ಗಿಡಕ್ಕ ಈ ಮೊಳಿ ಹೊಡದಿದ್ದನಂತ.

ನಾನು ಕಾಲೇಜು ಕಲಿಯಾಕಿ, ಸುಮ್ಮನ ಇರತೀನೇನು? ಗಿಡ ಬೆಳದಂಗ ಮೊಳಿನೂ ಮ್ಯಾಲ ಹೋಗಿರತೈತ್ರಿ, ಅದರಾಗ ಬುಡ ತಿಳಿಯಂಗಿಲ್ಲ ಅಂತ ವಿಜ್ಞಾನ ಬಿಟ್ಟೆ.

"ಇಲ್ಲವ್ವಾ. ನಾ ಎತ್ತರ ಆದೆ, ಅದು ಅಲ್ಲೇ ಇತ್ತು. ಹೈಸ್ಕೂಲಿಗೆ ಬರೂವಾಗ ಬಗ್ಗಿ ಚೀಲ ಹಾಕ್ತಿದ್ದೆ. ಆಮ್ಯಾಲ ಗಿಡ ಅದನ್ನ ನುಂಗಿಬಿಡ್ತು."

ಅಪ್ಪ ಮೊಳಿ ತಿರುಗಿ ಇಸಕೊಂಡು ನನ್ನ ಕಡಿ ನೋಡಿದ. ಇಬ್ಬರೂ ಹಿಡದು ಕಂಬ ಎತ್ತಿ ನಿಲ್ಲಿಸಿದ್ವಿ. ಕಲಿ ಅಕ್ಕೋರ ಹಣಿ ಮಟ ಬಂತು. ಅಷ್ಟೆತ್ತರಕ್ಕ ಚೀಲ ಹಾಕಾಕ ಒಂದನೇತ್ತ ಹುಡುಗಿ ಆಡಿನ ಬೆನ್ನಮ್ಯಾಲ ಹತ್ತಿ ನಿಲ್ಲಬೇಕಿತ್ತು. ತಿರುವಿ ನಿಲ್ಲಿಸಿದ್ವಿ. ಕಲಿ ಅವರ ತೊಡಿ ಹತ್ರ ಬಂತು. ಅಕ್ಕೋರು ತಮಗ ಗೊತ್ತಾಗದಂಗ ಸ್ವಲ್ಪ ಬಗ್ಗಿ, ಇಲ್ಲದ ಚೀಲ ಹಾಕೂವಂಗ ಕೈ ಇಟ್ಟು ನೋಡಿದ್ರು. ಅಪ್ಪ ಕೆಳಗ ಬುಡದ ಕಡಿಗೆ ಉಳಿಲೆ ಒಂದು ಗೀರು ಹಾಕಿದ, ಬಳದ್ರೂ ತೊಳದ್ರೂ ಹೋಗದಂಗ.

ಎರಡನೇ ಗಿಳಿ ಮೊದಲಿನದಕ್ಕಿಂತ ಚಂದ ಬಂತು. ಅದನ್ನ ನೋಡಾಕ ಹಡಗಲಿಯಿಂದ ಬಸ್ಸು ಬಿಟ್ಟಾರ ಅಂತ ನಾನು ಹೇಳತೀನಿ, ನೀವು ಅರ್ಧ ನಂಬಿದ್ರ ಸಾಕು. ಆ ಕಲಿ ಮಾತ್ರ ಕೀಸಬ್ಯಾಡ್ರಿ ಅಂದಿದ್ರು ಅಕ್ಕೋರು. ಬಿಟ್ವಿ.

ಬಾಗಲ ನಿಲ್ಲಿಸೋ ದಿನ ನಮ್ಮಜ್ಜಿ ಕಾವಿ ಬಟ್ಟಲ ಹಿಡಕೊಂಡು ಬಂದಳು. ನಾನು ಆಕಿ ಮುಂದ ಕೈ ಅಗಲಿಸಿ ನಿಂತೆ. ಹಿಂದ ಕೊಡತಿ ಸಪ್ಪಳ ಕೇಳಿ ತಿರುಗಿದ್ರ, ಅಪ್ಪ ಆ ಸೊಟ್ಟ ಮೊಳಿ ನೆಟ್ಟಗ ಮಾಡಿಕೊಂಡು ಬಂದು, ಚೌಕಟ್ಟಿಗೆ, ಕಲಿ ಇದ್ದಲ್ಲೇ ಹೊಡ್ಯಾಕತ್ತಿದ್ದ. ಯಾರೂ ಹೇಳಿರಲಿಲ್ಲ.

ಅಕ್ಕೋರು ಹೆಗಲಿನ ಚೀಲ ತಗದು, ಬಗ್ಗಿ, ಮೊಳಿಗೆ ಹಾಕಿದ್ರು. ಉದ್ದ ಪಟ್ಟಿ ಚೀಲ, ನೆಲಕ್ಕ ತಾಗಿತು. ಹಂಗ ಬಿಟ್ಟು ಒಳಗ ಹೋದ್ರು.